ವಿದೇಶದ ವೈದ್ಯ ಪದವಿ, ಸ್ವದೇಶದ ಪರವಾನಗಿ ಪರೀಕ್ಷೆ

ಹೊರನಾಡಿನಲ್ಲಿ ನೆಲೆನಿಂತ ನಮ್ಮ ಕನ್ನಡಿಗ ಕುಟುಂಬಗಳಲ್ಲಿ ಮಗನನ್ನೋ ಮಗಳನ್ನೋ ವೈದ್ಯರನ್ನಾಗಿ ಕಾಣಬೇಕೆಂಬ ಹಂಬಲ ಹಳೆಯದು. ಸರಕಾರಿ ಸೀಟು ದೊರೆಯದೆ, ಖಾಸಗಿ ಕಾಲೇಜಿನ ಶುಲ್ಕ ಕೈಗೆಟುಕದೆ ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್ ಮುಂತಾದ ದೇಶಗಳಿಗೆ ಮಕ್ಕಳನ್ನು ಕಳುಹಿಸಿದವರು ನಮ್ಮ ನಡುವೆಯೂ ಇದ್ದಾರೆ. ಪ್ರವೇಶದ ವೇಳೆ ಶುಲ್ಕ, ವೀಸಾ, ಹಾಸ್ಟೆಲು, ಊಟ ಎಲ್ಲದರ ವಿಚಾರಣೆ ನಡೆಯುತ್ತದೆ. ಮರಳಿದ ಮೇಲೆ ಬರೆಯಬೇಕಾದ ಪರೀಕ್ಷೆಯ ಮಾತು ಮಾತ್ರ ಕೊನೆಗೆ ಉಳಿಯುತ್ತದೆ. ಅದು ಮೊದಲು ಬರಬೇಕೆಂಬುದು ನಮ್ಮ ಅಭಿಪ್ರಾಯ.

ಎಫ್‌ಎಂಜಿಇ ಎಂದು ಕರೆಯಲ್ಪಡುವ ಈ ಪರೀಕ್ಷೆ 2002ರಲ್ಲಿ ಆರಂಭವಾಯಿತು. ಎನ್‌ಬಿಇಎಂಎಸ್ ಮಂಡಳಿ ಇದನ್ನು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಒಂದೇ ದಿನ ಎರಡು ಭಾಗಗಳಲ್ಲಿ 300 ಪ್ರಶ್ನೆಗಳು. ಪ್ರತಿ ಭಾಗದ 150 ಪ್ರಶ್ನೆಗಳಿಗೆ 150 ನಿಮಿಷ. ಉತ್ತೀರ್ಣರಾಗಲು 150 ಅಂಕ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೇಳಲು ಸುಲಭವೆನಿಸಿದರೂ ಇತ್ತೀಚಿನ ವರ್ಷಗಳ ಬಹುತೇಕ ಸರದಿಗಳಲ್ಲಿ ಹಾಜರಾದ ಮೂವರಲ್ಲಿ ಒಬ್ಬರೂ ತೇರ್ಗಡೆಯಾಗಿಲ್ಲ.

ಕಾರಣ ಬುದ್ಧಿಯ ಕೊರತೆಯಲ್ಲ. ಪರೀಕ್ಷೆ ಕೇಳುವುದು ಭಾರತದ ವೈದ್ಯ ಪಠ್ಯವನ್ನು. ಇಲ್ಲಿನ ಕ್ಷಯ, ಮಲೇರಿಯಾ, ಡೆಂಗ್ಯೂ, ಹಾವಿನ ಕಡಿತ, ರಾಷ್ಟ್ರೀಯ ಲಸಿಕಾ ವೇಳಾಪಟ್ಟಿ, ನ್ಯಾಯವೈದ್ಯಕ್ಕೆ ಸಂಬಂಧಿಸಿದ ನಮ್ಮ ಕಾನೂನು ಇವು ಹೊರದೇಶದ ತರಗತಿಯಲ್ಲಿ ಅಷ್ಟಾಗಿ ಬರುವುದಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿರುವುದರಿಂದ ಹಳೆಯ ಆವೃತ್ತಿಯ ಪುಸ್ತಕವೂ ಸಾಲದು. ಅಲ್ಲಿನ ರೋಗಿಗಳ ಭಾಷೆ ತಿಳಿಯದೆ ಹಾಸಿಗೆಯ ಬಳಿಯ ಕಲಿಕೆ ಸೊರಗುವುದೂ ಉಂಟು.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಅಂಕಪಟ್ಟಿಯೂ ಒಂದು ಲೆಕ್ಕಪತ್ರದಂತೆಯೇ ತೋರುತ್ತದೆ. ಮೆಡಿಸಿನ್‌ಗೆ 33, ಸರ್ಜರಿಗೆ 32, ಪ್ರಸೂತಿ ಮತ್ತು ಸ್ತ್ರೀರೋಗಕ್ಕೆ 30, ಸಮುದಾಯ ವೈದ್ಯಶಾಸ್ತ್ರಕ್ಕೆ 30: ನಾಲ್ಕೇ ವಿಷಯಗಳಲ್ಲಿ 125 ಅಂಕ. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿಗೆ ತಲಾ 13. ಮನೋರೋಗ, ಚರ್ಮರೋಗ, ಅರಿವಳಿಕೆ, ಮೂಳೆ ಚಿಕಿತ್ಸೆ, ರೇಡಿಯಾಲಜಿ, ವಿಕಿರಣ ಚಿಕಿತ್ಸೆ ಈ ಆರು ಕಿರುವಿಷಯಗಳಿಗೆ ತಲಾ 5, ಒಟ್ಟು 30. ಇವನ್ನು ಓದಿ ಮುಗಿಸಲು ಹೆಚ್ಚು ದಿನ ಬೇಕಿಲ್ಲ. ಆದರೂ ಬಹಳ ಮಂದಿ ಇವನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ಒಟ್ಟು 51 ಅಂಕಗಳಿವೆ. ಅಷ್ಟರೊಳಗೆ ಮರೆತುಹೋಗುವ ವಿಷಯಗಳೂ ಇವೇ.

ಆದುದರಿಂದ ಸಿದ್ಧತೆ ಎರಡನೆಯ ವರ್ಷದಿಂದಲೇ ಆರಂಭವಾಗತಕ್ಕದ್ದು. ಅಲ್ಲಿ ಯಾವ ವಿಷಯ ನಡೆಯುತ್ತಿದೆಯೋ ಅದರ ಭಾರತೀಯ ಪಠ್ಯವನ್ನು ಜೊತೆಗೇ ಓದುವುದು ಲೇಸು. ಸಮುದಾಯ ವೈದ್ಯಶಾಸ್ತ್ರಕ್ಕೆ ಪಾರ್ಕ್, ಔಷಧಶಾಸ್ತ್ರಕ್ಕೆ ಕೆ. ಡಿ. ತ್ರಿಪಾಠಿ, ಮಕ್ಕಳ ರೋಗಗಳಿಗೆ ಘಾಯ್ ಇವು ಎಲ್ಲರೂ ಬಲ್ಲ ಗ್ರಂಥಗಳು. ಕೊನೆಯ ಆರು ತಿಂಗಳಲ್ಲಿ ದಪ್ಪ ಗ್ರಂಥ ಬೇಡ. ಸ್ವಂತ ಟಿಪ್ಪಣಿ ಮತ್ತು ಪ್ರಶ್ನಕೋಶ ಸಾಕು. ಮ್ಯಾರೋ, ಪ್ರೆಪ್‌ಲ್ಯಾಡರ್ ಮುಂತಾದ ಆ್ಯಪ್‌ಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು ಪೂರ್ಣಗೊಳಿಸುವುದು, ಮೂರನ್ನು ಅರ್ಧಕ್ಕೆ ಬಿಡುವುದಕ್ಕಿಂತ ಮೇಲು. ತಪ್ಪಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ತಿರುವಿಹಾಕಬೇಕು. ಎಕ್ಸ್-ರೇ, ಇಸಿಜಿ, ಚರ್ಮದ ಗುರುತು ಇವುಗಳ ಚಿತ್ರ ನೋಡಿ ಉತ್ತರಿಸುವ ಅಭ್ಯಾಸವೂ ಅಗತ್ಯ. 300 ಪ್ರಶ್ನೆಗಳ ಮಾದರಿ ಪರೀಕ್ಷೆಯನ್ನು ಒಂದೇ ದಿನದಲ್ಲಿ ಹಲವು ಬಾರಿ ಬರೆದವರಿಗೆ ನಿಮಿಷಕ್ಕೊಂದು ಪ್ರಶ್ನೆಯ ವೇಗ ಕೈಗೂಡುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಕೊಡಿಸುತ್ತೇವೆಂದು ಹಣ ಕೇಳುವವರು ವಂಚಕರೆಂದೇ ತಿಳಿಯತಕ್ಕದ್ದು.

ಪೋಷಕರು ಗಮನಿಸಬೇಕಾದ ಇನ್ನೊಂದು ಲೆಕ್ಕವಿದೆ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ವ್ಯಾಸಂಗದ ಅವಧಿ ಮತ್ತು ಆನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಸೇರುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ ಎರಡು ಸರದಿ ತಪ್ಪಿದರೆ ಆ ವರ್ಷ ಕಳೆದೇಹೋಗುತ್ತದೆ. ತೇರ್ಗಡೆಯಾದ ಮೇಲೂ ಇಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇದೆ. ಸಂಪಾದನೆ ಕಾಣುವ ಮೊದಲೇ ಕಂತು ಬಾಗಿಲಿಗೆ ಬರುತ್ತದೆ. ಅದನ್ನು ನಿವೃತ್ತಿಯ ಅಂಚಿನ ತಂದೆ ತಾಯಿ ಕಟ್ಟಬೇಕಾಗುತ್ತದೆ. ಕೋರ್ಸಿನ ಶುಲ್ಕದ ಜೊತೆಗೆ ಈ ಎರಡು ಮೂರು ವರ್ಷಗಳ ಖರ್ಚನ್ನೂ ಆರಂಭದಲ್ಲಿಯೇ ಎಣಿಸಿಡುವುದು ವಿವೇಕ.

ಕಾಲೇಜಿನ ಆಯ್ಕೆಯೂ ಇದರೊಡನೆ ಹೆಣೆದುಕೊಂಡಿದೆ. 2021ರ ನವೆಂಬರ್ ತಿಂಗಳಲ್ಲಿ ಜಾರಿಯಾದ ನಿಯಮಗಳ ಪ್ರಕಾರ ಕನಿಷ್ಠ 54 ತಿಂಗಳ ವ್ಯಾಸಂಗ, ಇಂಗ್ಲಿಷ್ ಮಾಧ್ಯಮ ಮತ್ತು ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟು ಓದಿದರೂ ಫಲವಿಲ್ಲ. ಏಜೆಂಟರ ಮಾತನ್ನಷ್ಟೇ ನಂಬದೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪ್ರಕಟಣೆಗಳನ್ನು ಸ್ವತಃ ಓದಿ ನೋಡಬೇಕು.

ಮರಳಿ ಬಂದ ಮಕ್ಕಳು ಒಂಟಿಯಾಗಿ ಕೋಣೆಯಲ್ಲಿ ಕುಳಿತು ಓದುತ್ತಾರೆ, ಸಮಾರಂಭಗಳಲ್ಲಿ "ಪಾಸಾಯಿತೇ?" ಎಂಬ ಪ್ರಶ್ನೆಗೆ ಅಂಜಿ ಮನೆಯಲ್ಲಿಯೇ ಉಳಿಯುತ್ತಾರೆ. ಆ ಪ್ರಶ್ನೆಯನ್ನು ನಾವು ಕೈಬಿಡೋಣ. ನಮ್ಮ ಸಂಘಗಳ ವಾಚನಾಲಯಗಳಲ್ಲಿ ಹಗಲು ಹೊತ್ತು ಅವರಿಗೊಂದು ಮೇಜನ್ನು ಒದಗಿಸಿದರೆ, ನಮ್ಮಲ್ಲಿರುವ ಹಿರಿಯ ವೈದ್ಯರು ವಾರಕ್ಕೊಂದು ಗಂಟೆ ಅವರೊಡನೆ ಕುಳಿತರೆ, ಅದು ಸಂಘಕ್ಕೆ ಶೋಭೆ ತರುವ ಕೆಲಸವಾದೀತು.