ಟಿವಿ ಪಕ್ಕದ ಹಳೇ ಕಂಪ್ಯೂಟರ್‌ಗೆ ಯಾವ ಓಎಸ್?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಾಗಂತ ಹಳೇ ಕಂಪ್ಯೂಟರನ್ನ ಗುಜರಿಗೆ ಹಾಕ್ಬೇಡಿ, ಟಿವಿಗೆ ಜೋಡಿಸಿ. ಯಾವ ಉಚಿತ ಓಎಸ್ ಅಂತ ಆರಿಸೋ ಮುಂಚೆ ಒಂದೇ ಪ್ರಶ್ನೆ: ನೀವು ನೋಡೋ ಸಿನಿಮಾ ಎಲ್ಲಿದೆ?

ಹಾರ್ಡ್ ಡಿಸ್ಕ್‌ನಲ್ಲಿದ್ರೆ ಲಿಬ್ರೆಎಲೆಕ್. ಕೋಡಿ ಪ್ಲೇಯರ್ ಓಡಿಸೋಕೆ ಬೇಕಾದಷ್ಟೇ ಇರೋ ಪುಟ್ಟ ಲಿನಕ್ಸ್ ಇದು. ಆನ್ ಮಾಡಿದ್ರೆ ನೇರ ಕೋಡಿನೇ ತೆರೆಯುತ್ತೆ, ಮನೇಲಿ ಹಿರಿಯರಿಗೂ ಸಲೀಸು. ಆದ್ರೆ ಮಾಮೂಲಿ ಬ್ರೌಸರ್ ಇರಲ್ಲ.

ಓಟಿಟಿ ಜಾಸ್ತಿ ನೋಡೋರಿಗೆ ಲಿನಕ್ಸ್ ಮಿಂಟ್ ವಾಸಿ. ಬ್ರೌಸರ್ ಇರುತ್ತೆ, ಕೋಡಿನೂ ಹಾಕ್ಕೋಬಹುದು. ನೆಟ್‌ಫ್ಲಿಕ್ಸ್ 4ಕೆ ಮಾತ್ರ ಸಿಗಲ್ಲ.

ಒಂದು ಎಚ್ಚರಿಕೆ: ಲಿಬ್ರೆಎಲೆಕ್ ಇನ್‌ಸ್ಟಾಲ್ ಮಾಡಿದ್ರೆ ಆ ಡಿಸ್ಕ್‌ನಲ್ಲಿರೋದೆಲ್ಲ ಅಳಿಸಿಹೋಗುತ್ತೆ. ಸಿನಿಮಾ, ಮದುವೆ ಫೋಟೊ ಎಲ್ಲವನ್ನೂ ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡ್ಕೊಳ್ಳಿ.