ಕನಸಿನ ಅರ್ಥ ತಿಳಿಯುವ ಕ್ರಮ

ಕಂಡ ಕನಸಿಗೆಲ್ಲ ಫಲ ಹುಡುಕಬೇಕಾಗಿಲ್ಲ ಎಂಬುದನ್ನು ನಮ್ಮ ಹಳೆಯ ವೈದ್ಯಶಾಸ್ತ್ರವೇ ಹೇಳಿದೆ. ಚರಕಸಂಹಿತೆಯ ಇಂದ್ರಿಯಸ್ಥಾನ ಕನಸನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ದೃಷ್ಟ (ಕಂಡದ್ದು), ಶ್ರುತ (ಕೇಳಿದ್ದು), ಅನುಭೂತ (ಅನುಭವಿಸಿದ್ದು), ಪ್ರಾರ್ಥಿತ (ಬಯಸಿದ್ದು), ಕಲ್ಪಿತ (ಊಹಿಸಿಕೊಂಡದ್ದು), ಭಾವಿಕ (ಮುಂದಾಗುವುದನ್ನು ಸೂಚಿಸುವುದು), ದೋಷಜ (ವಾತ, ಪಿತ್ತ, ಕಫಗಳ ಏರುಪೇರಿನಿಂದ ಹುಟ್ಟಿದ್ದು). ಇವುಗಳಲ್ಲಿ ಮೊದಲ ಐದು ನಿಷ್ಫಲ. ಹಗಲುನಿದ್ದೆಯ ಕನಸು, ತೀರ ಚಿಕ್ಕದು, ತೀರ ಉದ್ದನೆಯದು ಇವೂ ಲೆಕ್ಕಕ್ಕಿಲ್ಲ.

ಉಪನಿಷತ್ತುಗಳ ಮುಖ್ಯ ಆಸಕ್ತಿ ಫಲದಲ್ಲಿಲ್ಲ, ಕನಸು ಕಾಣುವವನಲ್ಲಿದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಜನಕನಿಗೆ ಹೇಳುವಂತೆ, ಸ್ವಪ್ನದಲ್ಲಿ ರಥವೂ ಇಲ್ಲ, ದಾರಿಯೂ ಇಲ್ಲ. ಅವನ್ನೆಲ್ಲ ಕಾಣುವವನೇ ನಿರ್ಮಿಸಿಕೊಳ್ಳುತ್ತಾನೆ. ಮಾಂಡೂಕ್ಯವು ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ನಾಲ್ಕು ನೆಲೆಗಳನ್ನು ಗುರುತಿಸಿ, ಕನಸನ್ನು ಆತ್ಮವಿಚಾರದ ಒಂದು ಮೆಟ್ಟಿಲಾಗಿ ನೋಡುತ್ತದೆ.

ಜೈನ ಪರಂಪರೆಯಲ್ಲಿ ಕನಸು ಬದುಕಿನ ದಿಕ್ಕನ್ನೇ ಬದಲಿಸಬಲ್ಲದು. ಪಂಪನ ಆದಿಪುರಾಣದಲ್ಲಿ ಮರುದೇವಿ ಕಾಣುವ 16 ಕನಸುಗಳು ತೀರ್ಥಂಕರನ ಜನನವನ್ನು ಸೂಚಿಸುತ್ತವೆ. ಮೌರ್ಯ ಅರಸ ಚಂದ್ರಗುಪ್ತ ಕಂಡನೆನ್ನುವ 16 ಕನಸುಗಳು ಕೇಡುಗಾಲದವು. ಅವುಗಳಲ್ಲೊಂದು ಹನ್ನೆರಡು ಹೆಡೆಯ ಸರ್ಪ. ಹನ್ನೆರಡು ವರ್ಷದ ಕ್ಷಾಮ ಬರುತ್ತದೆಂದು ಭದ್ರಬಾಹು ಮುನಿ ಅದಕ್ಕೆ ಅರ್ಥ ಹೇಳಿದರು. ಅರಸ ರಾಜ್ಯ ತೊರೆದು, ದೀಕ್ಷೆ ಪಡೆದು, ಮುನಿಸಂಘದೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬುದು ಐತಿಹ್ಯ. ಇಬ್ಬರ ಜೀವನದ ದೃಶ್ಯಗಳನ್ನು ಅಲ್ಲಿನ ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ಇಂದಿಗೂ ಕಾಣಬಹುದು.

ಆಧುನಿಕ ಮನೋವಿಜ್ಞಾನದಲ್ಲಿ ಈ ಚರ್ಚೆಗೆ ಅಡಿಪಾಯ ಹಾಕಿದವನು ಸಿಗ್ಮಂಡ್ ಫ್ರಾಯ್ಡ್. 1900ರ ಇಸವಿ ಹೊತ್ತು ಬಂದ ಅವನ ಗ್ರಂಥದ ಪ್ರಕಾರ ಕನಸು ಅದುಮಿಟ್ಟ ಬಯಕೆಯ ವೇಷಾಂತರ. ಕಾರ್ಲ್ ಯೂಂಗ್ ಇದನ್ನು ಪೂರ್ತಿ ಒಪ್ಪಲಿಲ್ಲ. ಎಚ್ಚರದ ಮನಸ್ಸು ಕಡೆಗಣಿಸಿದ್ದನ್ನು ಕನಸು ತುಂಬಿಕೊಡುತ್ತದೆ, ಬಿಡಿ ಕನಸಿಗಿಂತ ಕನಸುಗಳ ಸರಣಿಯನ್ನು ಗಮನಿಸಬೇಕು ಎಂಬುದು ಅವನ ನಿಲುವು.

1953ರಲ್ಲಿ ಷಿಕಾಗೋದ ನಿದ್ರಾ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಚುರುಕಾಗಿ ಆಡುವ ನಿದ್ರೆಯ ಹಂತವನ್ನು ವರದಿ ಮಾಡಿದರು. ಎದ್ದುಕಾಣುವಂಥ ಕನಸುಗಳು ಹೆಚ್ಚಾಗಿ ಈ ಹಂತದವು. ಸುಮಾರು 90 ನಿಮಿಷಕ್ಕೊಮ್ಮೆ ಮರಳುವ ಈ ಹಂತ ರಾತ್ರಿ ಕಳೆದಂತೆ ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆಗೆ ವಿಜ್ಞಾನದ ಬೆಂಬಲವಿಲ್ಲ. ಆ ಹೊತ್ತಿನ ಕನಸು ಹೆಚ್ಚು ನೆನಪಿರುವುದಕ್ಕೆ ಮಾತ್ರ ಹಂತದ ಈ ದೀರ್ಘತೆ ಕಾರಣ ಕೊಡುತ್ತದೆ.

ಸ್ವಂತ ಕನಸನ್ನು ಅರಿಯಲು ಬೇಕಾದದ್ದು ಒಂದು ನೋಟ್‌ಬುಕ್ಕು. ಎಚ್ಚರವಾದ ಕೂಡಲೇ, ಮೊಬೈಲು ಮುಟ್ಟುವ ಮೊದಲೇ, ಸ್ಥಳ, ಜನ, ನಡೆದ ಸಂಗತಿ, ಆಗಿನ ಭಾವನೆ ಇಷ್ಟನ್ನು ಬರೆಯಬೇಕು. ಪಕ್ಕದಲ್ಲಿ ಹಿಂದಿನ ದಿನದ ಮುಖ್ಯ ಘಟನೆಯೂ ಇರಲಿ. ಚರಕನ ಮೊದಲ ಐದು ಬಗೆಗಳು ಅಲ್ಲೇ ಗೊತ್ತಾಗಿಬಿಡುತ್ತವೆ. ಪರೀಕ್ಷೆಗೆ ತಡವಾದಂತೆ ಕನಸು ಕಂಡ ನಿವೃತ್ತ ನೌಕರ ಪರೀಕ್ಷೆಯ ಫಲ ಹುಡುಕುವುದಕ್ಕಿಂತ, ಆ ದಿಗಿಲು ಈಗ ಯಾವ ಕೆಲಸದ ಬಗ್ಗೆ ಇದೆ ಎಂದು ಕೇಳಿಕೊಳ್ಳುವುದು ಉಪಯುಕ್ತ. ಹಾವು ಎಂದರೆ ಇಂಥದ್ದೇ ಎಂದು ಹೇಳುವ ಪಂಚಾಂಗದ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು: ಉರಗಪ್ರೇಮಿಯ ಹಾವೂ ಹಾವು ಕಚ್ಚಿಸಿಕೊಂಡವನ ಹಾವೂ ಒಂದೇ ಅಲ್ಲ. ಕೆಲವು ವಾರಗಳ ಟಿಪ್ಪಣಿಯಲ್ಲಿ ಮತ್ತೆ ಮತ್ತೆ ಬರುವ ಭಾವವೇ ಗಮನಿಸಬೇಕಾದದ್ದು.

ಮದುವೆ, ಹಣ, ಚಿಕಿತ್ಸೆಯ ನಿರ್ಧಾರಗಳನ್ನು ಕನಸನ್ನು ನಂಬಿ ಮಾಡಬಾರದು. ದುಃಸ್ವಪ್ನ ಪದೇ ಪದೇ ಬಂದು ನಿದ್ದೆ ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ಕನಸಿನ ಕೊನೆಯನ್ನು ಬದಲಿಸಿ ಬರೆದು, ಹಗಲಿನಲ್ಲಿ ಅದನ್ನೇ ಮನಸ್ಸಿಗೆ ತಂದುಕೊಳ್ಳುವ ಚಿಕಿತ್ಸೆಯಿಂದ ಹಲವರಿಗೆ ಉಪಶಮನ ಸಿಕ್ಕಿದೆ.