ಹಸಿವೇ ಹಿಡಿದುಕೊಟ್ಟ ಅರ್ಬುದ

ಹೊಟ್ಟೆಬಾಕನಾದ ಕಳ್ಳನು ಅಡುಗೆಮನೆಯಲ್ಲಿಯೇ ಸಿಕ್ಕಿಬೀಳುತ್ತಾನೆ. ಅರ್ಬುದವೂ ಅಂಥ ಹೊಟ್ಟೆಬಾಕ. ಅದು ಗ್ಲೂಕೋಸನ್ನು ಅತಿಯಾಗಿ ಕಬಳಿಸುವುದನ್ನು ಜರ್ಮನಿಯ ಆಟೋ ವಾರ್‌ಬುರ್ಗ್ 1920ರ ದಶಕದಲ್ಲಿಯೇ ತೋರಿಸಿಕೊಟ್ಟರು.

ಗ್ಲೂಕೋಸಿನ ವಿಕಿರಣಶೀಲ ರೂಪವೊಂದನ್ನು ಅಮೆರಿಕದಲ್ಲಿ 1976ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಮುಂದೆ ಅದು ಅರ್ಬುದವನ್ನು ಹುಡುಕುವ ನೆಚ್ಚಿನ ಸಾಧನವಾಯಿತು. ಆದರೆ ಅದರ ವಿಕಿರಣವು ಸುಮಾರು 110 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ತಯಾರಿಕೆಗೆ ಭಾರಿ ಯಂತ್ರವೇ ಬೇಕು.

ವಿಕಿರಣದ ಬದಲು ಬೆಳಕನ್ನೇ ಬಳಸಬಾರದೇಕೆ? 1996ರಲ್ಲಿ ಜಪಾನಿನ ಸಂಶೋಧಕರು ಹಸಿರಾಗಿ ಹೊಳೆಯುವ ಬಣ್ಣದ ಅಣುವನ್ನು ಗ್ಲೂಕೋಸಿಗೆ ಜೋಡಿಸಿದರು. ಹಸಿರು ಬೆಳಕನ್ನು ರಕ್ತವು ನುಂಗಿಬಿಡುವುದರಿಂದ, ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ಸೂಸುವ ಬಣ್ಣಗಳು ಅನಂತರ ಬಂದವು.

ಪ್ರಯೋಗಶಾಲೆಯ ಇಲಿಗೆ ಇದನ್ನು ಚುಚ್ಚಿ, ಅರಿವಳಿಕೆ ಕೊಟ್ಟು, ಕತ್ತಲೆಯ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ತಕ್ಕ ಬೆಳಕು ಮೈಮೇಲೆ ಬಿದ್ದೊಡನೆ ಗಡ್ಡೆಯ ತಾಣ ಬೆಳಗುತ್ತದೆ; ಕ್ಯಾಮರಾ ಅದನ್ನು ಗ್ರಹಿಸುತ್ತದೆ. ಹೀಗೆ, ಹಂತಹಂತಕ್ಕೂ ಇಲಿಗಳನ್ನು ಕೊಂದು ನೋಡದೆ, ಒಂದೇ ಇಲಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ ಔಷಧದ ಫಲವನ್ನು ಅರಿಯಬಹುದು.

ಆದರೆ ಬೆಳಗುವುದೆಲ್ಲವೂ ಅರ್ಬುದವಲ್ಲ. ಉರಿಯೂತವಾದ ಭಾಗಕ್ಕೂ ಸಕ್ಕರೆಯ ಹಸಿವುಂಟು. ಬಣ್ಣದ ಅಣುವೋ ಗ್ಲೂಕೋಸಿಗಿಂತ ದೊಡ್ಡದಿರಬಹುದು. ಅದು ಒಳಹೊಕ್ಕದ್ದು ಸಕ್ಕರೆಯ ಬಾಗಿಲಿನಿಂದಲೇ ಎಂಬುದನ್ನು ಪರೀಕ್ಷಿಸಿಯೇ ನಂಬಬೇಕು. ಇಲಿಯ ತೆಳುಮೈಯನ್ನು ದಾಟುವ ಬೆಳಕು ಮಾನವದೇಹದ ಆಳದಿಂದ ಹೊರಬರಲಾರದು.

ಆದರೂ ನಾಳೆ ರೋಗಿಗೆ ಸಲ್ಲಬಹುದಾದ ಮದ್ದಿಗೆ ಮೊದಲ ಸಾಕ್ಷಿ, ಆ ಪುಟ್ಟ ಜೀವಿಯ ಮೈಯೊಳಗೆ ಮಿನುಗಿ ಮಂಕಾಗುವ ಈ ಬೆಳಕೇ.